ನಾಲ್ಕು ವರ್ಷ, ಮೂರು ಪಾದಯಾತ್ರೆ, ಒಂದೇ ಬ್ಯಾಗು

38 ಲೀಟರಿನ ಬ್ಯಾಗು, ಖಾಲಿ ಇದ್ದಾಗ 1.2 ಕಿಲೋ. ತಗೊಂಡು ನಾಲ್ಕು ವರ್ಷ ಆಯಿತು. ಮೂರು ಪಾದಯಾತ್ರೆ ಸೇರಿ ಸುಮಾರು 1,400 ಕಿಲೋಮೀಟರ್ ನನ್ನ ಬೆನ್ನ ಮೇಲೆ ಕೂತು ಬಂದಿದೆ. ಕಂಪನಿಯ ಹೆಸರು ಹೇಳುವುದಿಲ್ಲ, ಅವರ ಮೇಲೆ ಸ್ವಲ್ಪ ಸಿಟ್ಟಿದೆ.

ಇದಕ್ಕೂ ಮುಂಚೆ 60 ಲೀಟರಿನದು ಇತ್ತು. ದೊಡ್ಡದಿದ್ದರೆ ಒಳ್ಳೆಯದಲ್ವಾ ಅಂದುಕೊಂಡಿದ್ದೆ. ಜಾಗ ಇದ್ದರೆ ಕೈ ಸುಮ್ನೆ ಇರಬೇಕಲ್ಲ! ಇರಲಿ ಇರಲಿ ಅಂತ ಮೂರನೇ ಪ್ಯಾಂಟು, ಎರಡನೇ ಟವೆಲು, ಒಂದು ಪುಟವೂ ಓದದೆ ವಾಪಸ್ ತಂದ ದಪ್ಪ ಪುಸ್ತಕ, ಎಲ್ಲ ಒಳಗೆ ಹೋಗಿ 11 ಕಿಲೋ ಆಯಿತು. ನನ್ನ ತೂಕ 64. ಮೈತೂಕದ ಹತ್ತರಲ್ಲಿ ಒಂದು ಪಾಲು ಹೊತ್ತರೆ ಸಾಕು ಅಂತ ನಡೆಯುವವರು ಹೇಳುತ್ತಾರೆ, ಅಂದರೆ ನನಗೆ ಸುಮಾರು ಆರೂವರೆ ಕಿಲೋ. ಅದರಲ್ಲೇ ಎರಡು ಲೀಟರ್ ನೀರು ಎರಡು ಕಿಲೋ ತಿನ್ನುತ್ತದೆ.

ಆದರೆ ಭುಜ ಹಣ್ಣಾಗಿದ್ದು ಬರೀ ತೂಕದಿಂದ ಅಲ್ಲ. ಬ್ಯಾಗಿನ ಬೆನ್ನಳತೆಯೇ ತಪ್ಪಾಗಿತ್ತು. ಕತ್ತು ಬಗ್ಗಿಸಿದಾಗ ಹಿಂದೆ ಒಂದು ಮೂಳೆ ಉಬ್ಬಿ ಕೈಗೆ ಸಿಗುತ್ತದೆ. ಎರಡೂ ಕೈಯನ್ನು ಸೊಂಟದ ಮೂಳೆಯ ಮೇಲಿಟ್ಟು ಹೆಬ್ಬೆರಳುಗಳನ್ನು ಬೆನ್ನ ಹಿಂದೆ ಚಾಚಿದರೆ ಅಲ್ಲೊಂದು ಗೆರೆ ಸಿಗುತ್ತದೆ. ಆ ಮೂಳೆಯಿಂದ ಈ ಗೆರೆವರೆಗಿನ ಉದ್ದವೇ ನಿಮ್ಮ ಬೆನ್ನಳತೆ. ಎತ್ತರ ನೋಡಿ ಅಂದಾಜು ಮಾಡಬೇಡಿ, ಉದ್ದ ಕಾಲಿನವರಿಗೆ ಬೆನ್ನು ಗಿಡ್ಡ ಇರಬಹುದು. ನನ್ನದು 44 ಸೆಂಟಿಮೀಟರ್. ಹಳೇ ಬ್ಯಾಗು ಇದಕ್ಕಿಂತ ಉದ್ದ ಬೆನ್ನಿನವರದು. ಭುಜದ ಪಟ್ಟಿ ಸರಿ ಕೂರಿಸಿದರೆ ಸೊಂಟದ ಬೆಲ್ಟು ಕೆಳಗೆ ಜಾರಿ ಕುಂಡೆಯ ಮೇಲೆ ಕೂರುತ್ತಿತ್ತು, ಭಾರ ಪೂರ್ತಿ ಭುಜಕ್ಕೆ.

ಈ ಬ್ಯಾಗು ತಗೊಳ್ಳುವಾಗ ಅಂಗಡಿಯಲ್ಲೇ ಒಳಗೆ ಆರು ಕಿಲೋ ತುಂಬಿಸಿ ಅರ್ಧ ಗಂಟೆ ಓಡಾಡಿದೆ. ಅಂಗಡಿಯ ಹುಡುಗ ನನ್ನನ್ನು ನೋಡಿ ನಗುತ್ತಿದ್ದ, ನಗಲಿ. ಪಟ್ಟಿಗಳನ್ನೆಲ್ಲ ಸಡಿಲ ಬಿಟ್ಟು ಮೊದಲು ಸೊಂಟದ ಬೆಲ್ಟು ಬಿಗಿಯಬೇಕು, ಹೊಟ್ಟೆಗಲ್ಲ, ಮೂಳೆಯ ಮೇಲೆ. ಆಮೇಲೆ ಭುಜದ ಪಟ್ಟಿ. ಸರಿಯಾಗಿ ಕೂತರೆ ಭುಜದ ಪಟ್ಟಿಯ ಕೆಳಗೆ ಬೆರಳು ಸಲೀಸಾಗಿ ತೂರುತ್ತದೆ.

ನನಗೆ ಅತಿ ಇಷ್ಟವಾಗಿದ್ದು ಮುಂದಿನ ಉದ್ದ ಜಿಪ್. ಮೇಲಿಂದ ಮಾತ್ರ ತೆರೆಯುವ ಬ್ಯಾಗಿದ್ದವರು ಬೆಳಗಿನ ಜಾವ ನಾಲ್ಕಕ್ಕೆ, ಇಪ್ಪತ್ತು ಜನ ಮಲಗಿರುವ ಕೋಣೆಯಲ್ಲಿ, ಒಂದು ಸಾಕ್ಸಿಗೋಸ್ಕರ ತಳದವರೆಗೆ ಕೈ ಹಾಕಿ ಪರಪರ ಅಂತ ಪ್ಲಾಸ್ಟಿಕ್ ಕವರ್ ಕೆದಕುವುದನ್ನು ಕೇಳಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ.

ಬೆನ್ನಿನ ಜಾಲರಿಯಿಂದ ಗಾಳಿ ಆಡುತ್ತದೆ, ಬೆವರು ಕಡಿಮೆ. ಆದರೆ ಅದರಿಂದಾಗಿ ಬ್ಯಾಗು ಬೆನ್ನಿಂದ ದೂರ ನಿಲ್ಲುತ್ತದೆ, ಭಾರದ ಸಾಮಾನು ಹೊರಗಡೆ ಇಟ್ಟರೆ ಹಿಂದಕ್ಕೆ ಎಳೆಯುತ್ತದೆ. ಮಳೆ ಕವರನ್ನು ಪೂರ್ತಿ ನಂಬಬೇಡಿ. ಅದು ಬೆನ್ನಿನ ಕಡೆ ಮುಚ್ಚುವುದಿಲ್ಲ, ಕತ್ತಿನಿಂದ ಇಳಿದ ನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ. ಎರಡನೇ ಯಾತ್ರೆಯಲ್ಲಿ ಹಾಸಿಗೆ ಚೀಲ ಒದ್ದೆಯಾದ ಮೇಲೆ ಬ್ಯಾಗಿನೊಳಗೇ ಒಂದು ದೊಡ್ಡ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಅದರಲ್ಲಿ ಎಲ್ಲ ತುಂಬುತ್ತೇನೆ. ಒದ್ದೆ ಬ್ಯಾಗನ್ನು ಹಾಗೇ ಅಟ್ಟಕ್ಕೆ ಹಾಕಬೇಡಿ, ಒಳಗಿನ ಲೇಪ ಅಂಟಂಟಾಗಿ ಸಿಪ್ಪೆ ಏಳುತ್ತದೆ. ನನ್ನದರ ತಳದಲ್ಲಿ ಒಂದು ಅಂಗೈಯಷ್ಟು ಹಾಗಾಗಿದೆ, ತಪ್ಪು ನನ್ನದೇ.

ಈಗ ಸಿಟ್ಟಿನ ವಿಷಯ. ಮೂರನೇ ಯಾತ್ರೆಯ ಒಂಬತ್ತನೇ ದಿನ ಸೊಂಟದ ಬಕಲ್ ಫಟ್ ಅಂತ ಮುರಿಯಿತು. ಬೆಲ್ಟಿನ ತುದಿಗಳನ್ನು ಗಂಟು ಹಾಕಿಕೊಂಡು ನಾಲ್ಕು ದಿನ ನಡೆದೆ, ಪ್ರತಿ ಸಲ ಕೂರುವಾಗ ಗಂಟು ಬಿಚ್ಚು, ಏಳುವಾಗ ಕಟ್ಟು. ಕಂಪನಿಗೆ ಬರೆದರೆ ಬಿಲ್ ಕಳಿಸಿ ಅಂದರು. ಕಳಿಸಿದೆ. ಇವತ್ತಿಗೂ ಉತ್ತರ ಬಂದಿಲ್ಲ.

ಹೊಲಿಗೆ ಬಿಚ್ಚದೇ ಪಟ್ಟಿ ತೂರಿಸುವಂಥ, ಪಕ್ಕದಲ್ಲಿ ಸೀಳಿರುವ ಬಕಲ್ ಸಿಗುತ್ತದೆ. ನಾನೇ ತಂದು ಹಾಕಿಕೊಂಡೆ, ಐದು ನಿಮಿಷದ ಕೆಲಸ. ಮುಂದಿನ ಯಾತ್ರೆಗೂ ಇದೇ ಬ್ಯಾಗು. ಮೇಲಿನ ಪಾಕೆಟ್ಟಿನಲ್ಲಿ ಇನ್ನೊಂದು ಬಕಲ್ ಇಟ್ಟಿದ್ದೇನೆ. ಮೂರನೇ ಪ್ಯಾಂಟು ಇಟ್ಟಿಲ್ಲ.