ಟ್ರಾಲ್ ಬೋಟಿನ ವಯರ್ ರೋಪ್: ನಾಲ್ಕು ಋತು ಬಳಸಿದ ಮೇಲೆ

ಮಲ್ಪೆ ಬಂದರಿನಿಂದ ಹೊರಟು ಬಲೆಯನ್ನು ಹಿಂದಿನಿಂದ ಎಳೆಯುತ್ತಾ ಮೀನು ಹಿಡಿಯುವ ನಮ್ಮ ಆಳಸಮುದ್ರ ಬೋಟಿನಲ್ಲಿ 2021ರ ಆಗಸ್ಟ್‌ನಿಂದ 12 ಮಿಲಿಮೀಟರ್ ದಪ್ಪದ, ಸತು ಲೇಪಿಸಿದ ವಯರ್ ರೋಪ್ ಬಳಸುತ್ತಿದ್ದೇವೆ. ಆರು ಎಳೆ, ಎಳೆಗೆ ಹತ್ತೊಂಬತ್ತು ತಂತಿ, ನಡುವೆ ನಾರಿನ ತಿರುಳು. ನಾಲ್ಕು ಮೀನುಗಾರಿಕೆ ಋತುಗಳಲ್ಲಿ ಎರಡು ಜೊತೆ (ಬಲೆಯ ಎರಡು ಬದಿಗೆ ಒಂದೊಂದು ರೋಪ್) ಮುಗಿಸಿ ಈಗ ಮೂರನೆಯದನ್ನು ರೋಪ್ ಎಳೆಯುವ ಯಂತ್ರವಾದ ವಿಂಚಿಗೆ ಸುತ್ತಿದ್ದೇವೆ. ಅದೇ ರೋಪನ್ನು ಮೂರನೇ ಬಾರಿ ಕೊಂಡಿದ್ದೇನೆ ಎಂದರೆ ನನ್ನ ಅಭಿಪ್ರಾಯ ಏನೆಂದು ಗೊತ್ತಾಗುತ್ತದೆ. ಆದರೆ ಎಷ್ಟು ಬಾರಿ ಬಲೆ ಎಳೆದಿದೆ ಎಂಬ ಲೆಕ್ಕ ಇಡದವರ ಕೈಯಲ್ಲಿ ಈ ರೋಪೂ ಅಪಾಯವೇ. ಅದನ್ನು ಹೇಳುವುದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಇದಕ್ಕೆ ಮೊದಲು ಬೇರೊಂದು ಅಂಗಡಿಯ ರೋಪ್ ಇತ್ತು. 2021ರ ಜನವರಿಯ ಒಂದು ರಾತ್ರಿ, ಬಲೆಯ ಬಾಯಿಯನ್ನು ಅಗಲಿಸಿ ಹಿಡಿಯುವ ಬೋರ್ಡು ತಳದ ಕಲ್ಲಿಗೆ ಸಿಕ್ಕಿತು. ವಿಂಚಿನ ಬ್ರೇಕು ಪೂರ್ತಿ ಬಿಗಿದಿತ್ತು, ಎಂಜಿನ್ ಮುಂದಕ್ಕೆ ಒತ್ತುತ್ತಿತ್ತು. ರೋಪ್ ತುಂಡಾಗಿ ಡೆಕ್ಕಿನ ಮೇಲೆ ಚಾಟಿಯಂತೆ ಬೀಸಿ ಕ್ಯಾಬಿನ್ನಿನ ಹಲಗೆಯನ್ನು ಸೀಳಿತು. ಬುಟ್ಟಿ ಎತ್ತಲು ಬಗ್ಗಿದ್ದ ಕಲಾಸಿಯ (ಬೋಟಿನ ಕೆಲಸದ ಹುಡುಗನ) ತಲೆಯ ಮೇಲಿಂದ ಅದು ಹಾದು ಹೋಯಿತು. ಬಲೆಯೂ ಬೋರ್ಡೂ ಹೋದವು. ಆ ಹುಡುಗ ಉಳಿದ.

ದಕ್ಕೆಗೆ ಬಂದು ಇಳಿದಾಗ ಭಾವ ಬಂದಿದ್ದರು. ಅಕ್ಕನ ಗಂಡ; ನೌಕಾಪಡೆಯಲ್ಲಿ ದುಡಿದು, ಕೊನೆಯ ವರ್ಷಗಳನ್ನು ಕಾರವಾರವನ್ನು ನೆಲೆಯಾಗಿಸಿಕೊಂಡ ವಿಮಾನವಾಹಕ ಹಡಗು ಐಎನ್‌ಎಸ್ ವಿಕ್ರಮಾದಿತ್ಯದಲ್ಲಿ ಕಳೆದು ನಿವೃತ್ತರಾದವರು. ತುಂಡಾದ ತುದಿಯನ್ನು ಬಹಳ ಹೊತ್ತು ನೋಡಿ, "ಇದು ಎಷ್ಟು ಎಳೆತ ಎಳೆದಿತ್ತು?" ಎಂದು ಕೇಳಿದರು. "ಎರಡು ವರ್ಷ ಆಯಿತು ಭಾವ" ಎಂದೆ. "ನಾನು ವರ್ಷ ಕೇಳಲಿಲ್ಲ" ಎಂದರು.

ವಿಕ್ರಮಾದಿತ್ಯದ ಡೆಕ್ಕಿನ ಮೇಲೆ ಅಡ್ಡಲಾಗಿ ಮೂರು ತಡೆತಂತಿಗಳಿವೆ. ಮಿಗ್-29ಕೆ ವಿಮಾನ ಇಳಿಯುವಾಗ ಅದರ ಬಾಲದ ಅಡಿಯ ಕೊಕ್ಕೆ ಇವುಗಳಲ್ಲಿ ಒಂದನ್ನು ಹಿಡಿಯಬೇಕು. ನಮ್ಮದೇ ತೇಜಸ್ ವಿಮಾನದ ನೌಕಾ ಮಾದರಿ 2020ರ ಜನವರಿ 11ರಂದು ಮೊದಲ ಬಾರಿ ಹಡಗೊಂದರ ಮೇಲೆ ಹೀಗೆ ಇಳಿದದ್ದೂ ಇದರ ಮೇಲೆಯೇ. ಚಕ್ರ ಡೆಕ್ಕಿಗೆ ತಾಗಿದ ಕ್ಷಣ ಪೈಲಟ್ ಎಂಜಿನ್ನಿನ ವೇಗ ಇಳಿಸುವುದಿಲ್ಲ, ಪೂರ್ತಿ ಏರಿಸುತ್ತಾನೆ. ಕೊಕ್ಕೆ ತಂತಿಯನ್ನು ತಪ್ಪಿದರೆ ಮತ್ತೆ ಹಾರಬೇಕಲ್ಲ. ಅಂಥ ವಿಮಾನವನ್ನು ಒಂದು ತಂತಿ ನಿಲ್ಲಿಸುತ್ತದೆ ಎಂದರೆ ಆ ತಂತಿ ಅಷ್ಟು ಗಟ್ಟಿ ಇರಬೇಕು ಎಂದೇ ನಾನು ತಿಳಿದಿದ್ದೆ. "ಗಟ್ಟಿ ಹಿಡಿದರೆ ಯಾವ ತಂತಿಯೂ ಉಳಿಯುವುದಿಲ್ಲ, ಬಿಟ್ಟುಕೊಡುತ್ತಾ ಹಿಡಿಯಬೇಕು" ಎಂದರು ಭಾವ.

ನಮ್ಮ ಕಣ್ಣಿಗೆ ಕಾಣುವ ತಂತಿ ಡೆಕ್ಕಿನ ಅಗಲದಷ್ಟೇ. ಅದರ ಎರಡು ತುದಿಗಳೂ ಡೆಕ್ಕಿನ ಕೆಳಗಿಳಿಯುವ ಉದ್ದನೆಯ ರೋಪಿಗೆ ಸೇರಿರುತ್ತವೆ. ಹೈಡ್ರಾಲಿಕ್ ಮಾದರಿಯ ಯಂತ್ರಗಳಲ್ಲಿ ಆ ರೋಪ್ ಕೆಳಗಿನ ಎರಡು ಸಾಲು ಕಪ್ಪಿಗಳ ನಡುವೆ ಹಲವು ಸುತ್ತು ಹಾಯ್ದಿರುತ್ತದೆ. ವಿಮಾನ ಎಳೆದಂತೆ ಕಪ್ಪಿಗಳ ಸಾಲುಗಳು ಹತ್ತಿರ ಬಂದು, ದೊಡ್ಡದೊಂದು ದಂಡವನ್ನು ದ್ರವ ತುಂಬಿದ ಸಿಲಿಂಡರಿನೊಳಕ್ಕೆ ದೂಡುತ್ತವೆ. ದ್ರವಕ್ಕೆ ಹೊರಹೋಗಲು ಒಂದೇ ದಾರಿ, ಇಕ್ಕಟ್ಟಾಗುತ್ತಾ ಹೋಗುವ ಕವಾಟ. ವಿಮಾನದ ವೇಗವೆಲ್ಲ ಅಲ್ಲಿ ಬಿಸಿಯಾಗಿ ಮುಗಿಯುತ್ತದೆ. ದ್ರವದ ಇನ್ನೊಂದು ಬದಿಯಲ್ಲಿ ಒತ್ತಡದ ಗಾಳಿ ಇರುವುದರಿಂದ ಕೊಕ್ಕೆ ಬಿಟ್ಟ ಮೇಲೆ ಆ ಒತ್ತಡದಿಂದಲೇ ತಂತಿಯನ್ನು ಹಿಂದಕ್ಕೆ ತರುತ್ತಾರೆ. ಪ್ರತಿ ವಿಮಾನದ ತೂಕಕ್ಕೆ ತಕ್ಕಂತೆ ಕವಾಟವನ್ನು ಮೊದಲೇ ಹೊಂದಿಸಬೇಕು. ಅಮೆರಿಕದ ಮಾರ್ಕ್ 7 ಮಾಡ್ 3 ಯಂತ್ರ ಸುಮಾರು 22,700 ಕಿಲೋ ತೂಕದ, ಗಂಟೆಗೆ 240 ಕಿಲೋಮೀಟರ್ ವೇಗದ ವಿಮಾನವನ್ನು 105 ಮೀಟರಿನೊಳಗೆ ನಿಲ್ಲಿಸುವುದು ಹೀಗೆ.

ಇದನ್ನು ಕೇಳಿದ ಮೇಲೆ ನಾವು ಮೊದಲು ಬದಲಿಸಿದ್ದು ರೋಪನ್ನಲ್ಲ, ಬ್ರೇಕನ್ನು. ಬೋರ್ಡು ಎಲ್ಲಿಯಾದರೂ ಸಿಕ್ಕಿದರೆ ಡ್ರಮ್ಮು ಜಾರಿ ರೋಪ್ ಬಿಟ್ಟುಕೊಡುವಷ್ಟಕ್ಕೇ ಬಿಗಿಯುತ್ತೇವೆ. ಆಮೇಲೆ ಎರಡು ಬಾರಿ ಕಲ್ಲಿಗೆ ಸಿಕ್ಕಿದೆ; ಎರಡೂ ಬಾರಿ ಡ್ರಮ್ಮು ಕಿರುಚುತ್ತಾ ಜಾರಿತು, ಬೋಟು ನಡೆಸುವ ತಾಂಡೇಲರು ಎಂಜಿನ್ ಇಳಿಸಿದರು, ಬಲೆ ಮಾತ್ರ ಹರಿಯಿತು.

ಎರಡನೆಯದು ಎಳೆತಗಳ ಲೆಕ್ಕದ ಪುಸ್ತಕ. ಅಮೆರಿಕದ ಹಡಗುಗಳಲ್ಲಿ ಡೆಕ್ಕಿನ ಮೇಲಿನ ತಂತಿಯನ್ನು ಸುಮಾರು 125 ವಿಮಾನ ಹಿಡಿದ ಮೇಲೆ ತೆಗೆದುಬಿಡುತ್ತಾರೆ. ಅದು ನೋಡಲು ಹೇಗಿದೆ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ. ಹಾಗಿದ್ದೂ 2016ರ ಮಾರ್ಚ್ 18ರಂದು ಐಸೆನ್‌ಹೋವರ್ ಹಡಗಿನ ಮೇಲೆ ತಂತಿ ತುಂಡಾಗಿ ಎಂಟು ನಾವಿಕರು ಗಾಯಗೊಂಡರು. ಇ-2ಸಿ ವಿಮಾನ ಡೆಕ್ಕಿನ ಅಂಚಿನಿಂದ ಕೆಳಗೆ ಜಾರಿ, ನೀರಿಗೆ ಬೀಳುವುದರೊಳಗೆ ಹೇಗೋ ಮೇಲೆದ್ದಿತು. ತನಿಖೆಯಲ್ಲಿ ಕಂಡದ್ದು ಕೆಳಗಿನ ಯಂತ್ರದ ದುರಸ್ತಿಯಲ್ಲಿ ಆದ ತಪ್ಪು. ಭಾವ ಈ ಘಟನೆಯನ್ನು ನಮ್ಮ ಕಲಾಸಿಗಳಿಗೆ ಕನಿಷ್ಠ ನಾಲ್ಕು ಬಾರಿ ಹೇಳಿದ್ದಾರೆ. ನನಗೆ ಬೇಸರವಾಗಿಲ್ಲ. ಆ ಕಲಾಸಿಗಳಲ್ಲಿ ಒಬ್ಬನ ತಲೆಯ ಮೇಲೆ ಹಾದುಹೋದ ರೋಪ್ ನನ್ನ ಬೋಟಿನದು.

ಮೊದಲ ಜೊತೆ 2023ರ ಮೇ ತಿಂಗಳಿಗೆ 1,180 ಎಳೆತ ಮುಗಿಸಿತ್ತು. ಜೂನ್‌ನಿಂದ ಜುಲೈ ಕೊನೆಯವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದಲ್ಲಿ ಅದನ್ನು ಬಿಚ್ಚಿ ಷೆಡ್ಡಿನಲ್ಲಿ ಉದ್ದಕ್ಕೆ ಹಾಸಿದೆವು. ಹೊರಗೆ ಮಳೆ ಹೊಯ್ಯುತ್ತಿತ್ತು. ಭಾವ ಹಳೆಯ ಬನಿಯನ್ನಿನ ತುಂಡನ್ನು ರೋಪಿಗೆ ಸುತ್ತಿ ಹಿಡಿದು ಮೆಲ್ಲಗೆ ನಡೆದರು. ಮುರಿದ ತಂತಿ ಇದ್ದಲ್ಲಿ ಬಟ್ಟೆ ಸಿಕ್ಕಿಕೊಂಡು ನೂಲು ಉಳಿಯುತ್ತದೆ. ಬರಿಗೈಯಲ್ಲಿ ಸವರಿದರೆ ಚರ್ಮವೇ ಅಲ್ಲಿ ಸಿಕ್ಕಿ ಉಳಿಯುತ್ತದೆ. ಬೋರ್ಡಿನ ಕಡೆಯ ತುದಿಯಲ್ಲಿ ನೂಲು ಹತ್ತಿರ ಹತ್ತಿರ ನಿಂತಿತ್ತು. ಒಂದು ಎಳೆ ಪೂರ್ತಿ ಸುತ್ತು ಬರುವ ಉದ್ದ, ನಮ್ಮ ರೋಪಿನಲ್ಲಿ ಸುಮಾರು ನಾಲ್ಕು ಬೆರಳಗಲ. ಅಷ್ಟರಲ್ಲೇ ಆರು ತಂತಿ ಮುರಿದಿದ್ದವು. ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದರು. ಎಳೆಗಳ ನಡುವಿನ ತಗ್ಗಿಗೆ ಇಡಬಾರದು, ಎದುರುಬದುರಿನ ಉಬ್ಬುಗಳ ಮೇಲೆ ಇಡಬೇಕು. ಹೊಸದಿದ್ದಾಗ 12.3 ಇದ್ದದ್ದು ಅಲ್ಲಿ 10.7. ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಕುಗ್ಗಿತ್ತು.

ಆದರೂ ಹೊರಗಿನಿಂದ ಸತುವಿನ ಬಣ್ಣ ಅಲ್ಲಲ್ಲಿ ಚೆನ್ನಾಗಿಯೇ ಇತ್ತು. ಇನ್ನೊಂದು ಋತು ಬರಬಹುದೇ ಎಂದು ನಾನು ಕೇಳಿದೆ. ಭಾವ ಮಾತಾಡಲಿಲ್ಲ. ಚೂಪಾದ ಕಬ್ಬಿಣದ ಸಲಾಕೆ ತೂರಿಸಿ ಎಳೆಗಳನ್ನು ಬಿಡಿಸಿ, ನನ್ನ ಅಂಗೈ ಕೆಳಗೆ ಹಿಡಿಯಲು ಹೇಳಿದರು. ಎಣ್ಣೆ ಹೀರಿಕೊಂಡಿರಬೇಕಾಗಿದ್ದ ನಾರಿನ ತಿರುಳು ಒಣಗಿ, ಕೆಂಪು ತುಕ್ಕಿನೊಂದಿಗೆ ಅವಲಕ್ಕಿ ಪುಡಿಯಂತೆ ಅಂಗೈಗೆ ಉದುರಿತು. ಅಂದಿನಿಂದ ನಮ್ಮ ಮಿತಿ 1,100. ಎರಡನೆಯ ಜೊತೆಯನ್ನು 2025ರ ಮೇ ತಿಂಗಳಲ್ಲಿ ಅಷ್ಟಕ್ಕೇ ತೆಗೆದೆವು. ಬಿಡಿಸಿ ನೋಡಿದಾಗ ತಿರುಳಿನಲ್ಲಿ ಇನ್ನೂ ಎಣ್ಣೆಯ ಪಸೆ ಇತ್ತು.

ರೋಪಿನ ಗುಣದೋಷ ಹೇಳುವುದಾದರೆ, ಸತುವಿನ ಲೇಪ ಒಳ್ಳೆಯದು, ಹೊಸ ಸುರುಳಿ ಬಿಚ್ಚುವಾಗ ಗಂಟು ಬೀಳುವುದಿಲ್ಲ, ಕಪ್ಪಿಯ ಮೇಲೆ ಚೆನ್ನಾಗಿ ಬಾಗುತ್ತದೆ. ಕಾರ್ಖಾನೆಯ ಗ್ರೀಸ್ ಮಾತ್ರ ಸಾಲದು. ಉಪ್ಪುನೀರಿನಲ್ಲಿ ಒಂದೇ ಋತುವಿಗೆ ತೊಳೆದು ಹೋಗುತ್ತದೆ, ಇದು ನನ್ನ ಮುಖ್ಯ ದೂರು. ಮೊದಲ ಜೊತೆಗೆ ಮೇಲಿನಿಂದ ದಪ್ಪ ಗ್ರೀಸ್ ಬಳಿದು ತಪ್ಪು ಮಾಡಿದೆವು; ಅದು ಒಳಗೆ ಇಳಿಯದೆ ಉಪ್ಪನ್ನು ಒಳಗೇ ಮುಚ್ಚಿಟ್ಟಿತು. ಈಗ ತಂತಿ ಬ್ರಷ್ಷಿನಿಂದ ಕೆರೆದು, ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ತಿರುಳಿಗೆ ಇಳಿಯುವ ತೆಳು ಎಣ್ಣೆ ಹಾಕುತ್ತೇವೆ. ಒಂದು ಋತು ಮುಗಿದ ಮೇಲೆ ರೋಪನ್ನು ತಿರುಗಿಸಿ, ಡ್ರಮ್ಮಿನ ಕಡೆಯ ತುದಿಯನ್ನು ಬೋರ್ಡಿನ ಕಡೆಗೆ ತರುತ್ತೇವೆ.

ಕೊಳ್ಳುವವರು ಸುರುಳಿಯೊಂದಿಗೆ ಪರೀಕ್ಷಾ ಪ್ರಮಾಣಪತ್ರ ಕೇಳಿ ಪಡೆಯಿರಿ. ನನಗೆ ಎರಡನೆಯ ಬಾರಿ ಅದು ಮೂರು ವಾರ ತಡವಾಗಿ ಬಂತು. ಕ್ಯಾಲಿಪರನ್ನು ಅಂಗಡಿಗೇ ಒಯ್ದು ಮೂರು ಕಡೆ ಅಳೆಯಿರಿ. ಮೂರನೆಯ ಜೊತೆ 12.3, 12.3, 12.4 ತೋರಿಸಿತು. ಪುಸ್ತಕದ ಮೊದಲ ಪುಟದಲ್ಲಿ ಭಾವ ಅದನ್ನು ಅವರ ಕೈಯಲ್ಲೇ ಬರೆದು, ಕೆಳಗೆ ತಾಂಡೇಲರ ಸಹಿ ಹಾಕಿಸಿದ್ದಾರೆ.