ಕಸಿ ಮಾತ್ರೆ ನೆನಪಿಸಲು ಅಲಾರಾಂ, ಆ್ಯಪ್, ವಾಟ್ಸಾಪ್: ಕೊಡಗಿನ ಮಳೆಯಲ್ಲಿ ಯಾವುದು ನಿಲ್ಲುತ್ತದೆ?

ಕಿಡ್ನಿ ಕಸಿಯಾದವರಿಗೆ ಟ್ಯಾಕ್ರೋಲಿಮಸ್ (ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ತಡೆಯುವ ಔಷಧ) ಸಾಮಾನ್ಯವಾಗಿ ಹನ್ನೆರಡು ಗಂಟೆಗೊಮ್ಮೆ: ಬೆಳಿಗ್ಗೆ 8, ರಾತ್ರಿ 8. ನಾಪೋಕ್ಲು, ಭಾಗಮಂಡಲ ಕಡೆಯ ತೋಟದ ಮನೆಗಳಲ್ಲಿ ಮೂರೂ ದಾರಿಗಳನ್ನು ಬಳಸಿ ನೋಡಿದ್ದೇವೆ.

ಸಮಯಕ್ಕೆ ಹೊಡೆದುಕೊಳ್ಳುವುದರಲ್ಲಿ ಫೋನಿನದೇ ಗಡಿಯಾರದ ಅಲಾರಾಂ ಮುಂದೆ. ಟವರ್ ಸತ್ತರೂ ಅದಕ್ಕೇನೂ ಆಗದು. ಆದರೆ ನಿದ್ದೆಗಣ್ಣಲ್ಲಿ ಆರಿಸಿಬಿಟ್ಟರೆ ಮುಗಿಯಿತು, ನುಂಗಿದ್ದೋ ಇಲ್ಲವೋ ಯಾರಿಗೂ ಗೊತ್ತಾಗದು. 8.20ಕ್ಕೆ ಇನ್ನೊಂದು ಇಡಿ. ಅಲಾರಾಂ ಹೆಸರಿನ ಜಾಗದಲ್ಲಿ ‘1 ಮಿ.ಗ್ರಾಂ ಎರಡು, 0.5 ಒಂದು’ ಎಂದು ನಿಮ್ಮ ಚೀಟಿಯಲ್ಲಿರುವಂತೆ ಬರೆಯಿರಿ. ಕರೆಂಟ್ ಹೋಗಿ ಫೋನೇ ಆರಿದರೆ ಹೆಚ್ಚಿನವು ಹೊಡೆಯವು, ಪವರ್ ಬ್ಯಾಂಕ್ ಬೇಕೇ ಬೇಕು.

ಮೆಡಿಸೇಫ್‌ನಂಥ ಆ್ಯಪ್‌ಗಳ ಬಲ ಲೆಕ್ಕದಲ್ಲಿದೆ: ಯಾವ ಹೊತ್ತಿನದು ತಪ್ಪಿತು, ಎಷ್ಟು ಮಾತ್ರೆ ಉಳಿದಿದೆ. ಕೊಡಗಿಗೆ ಎರಡನೆಯದೇ ಮುಖ್ಯ. 2018ರ ಆಗಸ್ಟ್‌ನಂತೆ ಗುಡ್ಡ ಜರಿದು ರಸ್ತೆ ಮುಚ್ಚಿದರೆ ಮೈಸೂರಿನಿಂದ ಮಾತ್ರೆ ಬರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 15 ದಿನದ್ದು ಉಳಿದಾಗಲೇ ಎಚ್ಚರಿಸುವಂತೆ ಇಡಿ. ತೊಂದರೆಗಳೂ ಇವೆ. ಬ್ಯಾಟರಿ ಉಳಿಸುವ ನೆಪದಲ್ಲಿ ಫೋನ್ ಆ್ಯಪನ್ನು ಮಲಗಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪಿನ ಬ್ಯಾಟರಿ ನಿರ್ಬಂಧ ತೆಗೆಯಿರಿ. ರಕ್ತದ ರಿಪೋರ್ಟ್ ನೋಡಿ ವೈದ್ಯರು ಡೋಸ್ ಬದಲಿಸಿದರೂ ಆ್ಯಪಿನಲ್ಲಿ ಹಳೆಯದೇ ಉಳಿಯುತ್ತದೆ, ಅದನ್ನು ಅಂದೇ ತಿದ್ದಬೇಕು.

ವಾಟ್ಸಾಪ್: ಖಾಲಿಯಾದ ಸ್ಟ್ರಿಪ್ಪಿನ ಫೋಟೋ ಬೆಂಗಳೂರಿನ ಮಗಳಿಗೆ. ಮರೆತವರನ್ನು ಚೆನ್ನಾಗಿ ಹಿಡಿಯುವುದು ಇದೇ, ಏಕೆಂದರೆ ಆಚೆ ಕಾಯುವವರಿದ್ದಾರೆ. (ಆ್ಯಪಿನಲ್ಲಿ ‘ತೆಗೆದುಕೊಂಡೆ’ ಒತ್ತಿ ಮಾತ್ರೆ ಮೇಜಿನ ಮೇಲೇ ಬಿಡುವವರು ಕಡಿಮೆಯಿಲ್ಲ.) ಮಳೆಯಲ್ಲಿ ಒಂದೇ ಟಿಕ್‌ಗೆ ನಿಂತರೆ, 8.30ಕ್ಕೆ ಮಗಳೇ ಮಾಮೂಲಿ ಕರೆ ಮಾಡಲಿ.

ಅಲಾರಾಂ ಜೊತೆಗೆ ಫೋಟೋ, ಇದೇ ನಮ್ಮ ಆಯ್ಕೆ. ಡೋಸ್ ತಿದ್ದಲು ಮನೆಯಲ್ಲಿ ಯಾರಾದರೂ ಇದ್ದರೆ ಮಾತ್ರ ಆ್ಯಪ್.

ಅಲಾರಾಂ ಇರುವ ವಾರದ ಡಬ್ಬಿಯೂ ಸಿಗುತ್ತದೆ, ಇಲ್ಲಿಗೆ ಬೇಡ. ಟ್ಯಾಕ್ರೋಲಿಮಸ್‌ಗೆ ತೇವ ಆಗದು. ಸ್ಟ್ರಿಪ್ಪಿನಿಂದ ಬಿಡಿಸಿಟ್ಟರೆ ಕಷ್ಟ.

ಮೂರಕ್ಕೂ ತಿಳಿಯದ ದಿನವೊಂದಿದೆ: ಔಷಧದ ಮಟ್ಟ ನೋಡಲು ರಕ್ತ ಕೊಡುವ ದಿನ. ಬೆಳಗಿನ ಟ್ಯಾಕ್ರೋಲಿಮಸ್ ನುಂಗುವ ಮುಂಚೆ ರಕ್ತ ಕೊಡಬೇಕು. ಹಿಂದಿನ ರಾತ್ರಿಯೇ ಅಲಾರಾಂ ಹೆಸರನ್ನು ‘ರಕ್ತ ಕೊಟ್ಟ ಮೇಲೆ’ ಎಂದು ಬದಲಿಸಿ, ಮಾತ್ರೆಯನ್ನು ಲ್ಯಾಬಿಗೆ ಜೊತೆಯಲ್ಲೇ ಒಯ್ಯಿರಿ. ಹೊತ್ತು ತಪ್ಪಿದರೆ ಎರಡು ಡೋಸ್ ಒಟ್ಟಿಗೆ ನುಂಗದೆ ಕಸಿ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ. ಆ ನಂಬರ್ ಕಾಗದದಲ್ಲೂ ಬರೆದಿರಲಿ.