ಮೈಕ್ ಮುಟ್ಟಿದ ತಕ್ಷಣ ಶಾಕ್ ಹೊಡೆದು ಮೇಡಂ ಬಿದ್ರು, ಕಾರ್ಯಕ್ರಮ ಮಾಡಿಸೋರು ದಯವಿಟ್ಟು ಓದಿ

ಹೋದ ನವೆಂಬರ್‌ನಲ್ಲಿ ನಮ್ಮ ಸಂಘದಿಂದ ರಾಜ್ಯೋತ್ಸವಕ್ಕೆ ಒಂದು ಉಪನ್ಯಾಸ ಇಟ್ಕೊಂಡಿದ್ವಿ. 74 ವರ್ಷದ ಒಬ್ರು ನಿವೃತ್ತ ಕನ್ನಡ ಮೇಡಂ ಮಾತಾಡೋಕೆ ಬಂದಿದ್ರು. ಮಾತು ಶುರುವಾಗಿ ಹತ್ತು ನಿಮಿಷಕ್ಕೆ ಮೈಕ್‌ನಿಂದ ಶಾಕ್ ಹೊಡೀತು, ಗಾಬರಿಯಾಗಿ ಒಂದು ಹೆಜ್ಜೆ ಹಿಂದಕ್ಕೆ ಇಟ್ರು, ಅಲ್ಲಿ ಕಾರ್ಪೆಟ್ ಕೆಳಗೆ ಹಲಗೆ ಸಂದಿ ಇತ್ತು, ಕಾಲು ಅದ್ರೊಳಗೆ ಇಳಿದು ಬಿದ್ದುಬಿಟ್ರು. ಬಲಗೈ ಮಣಿಕಟ್ಟು ಮುರೀತು. ಇನ್ನೂ ದೊಡ್ಡದು ಆಗ್ಬಹುದಿತ್ತು, ಆಗ್ಲಿಲ್ಲ ಅಷ್ಟೇ. ಆ ಸ್ಟೇಜ್ ನೋಡ್ಕೋಬೇಕಾಗಿದ್ದವನು ನಾನು, ಅದಕ್ಕೇ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಆದ್ರೂ ಮಂಟಪದಲ್ಲೋ ಶಾಲೆ ಹಾಲ್‌ನಲ್ಲೋ ಯಾರನ್ನಾದ್ರೂ ಕರೆಸಿ ಮಾತಾಡಿಸೋರು ಇದ್ರೆ ಪೂರ್ತಿ ಓದಿ.

ನಮ್ದು ಹಾಸನ ಜಿಲ್ಲೆ. ಮೇಡಂ ವಿಷಯ ಹಲ್ಮಿಡಿ ಶಾಸನ. ನಮ್ಮ ಜಿಲ್ಲೇದೇ, ಬೇಲೂರು ತಾಲೂಕಿನದ್ದು, ಸುಮಾರು ಕ್ರಿ.ಶ. 450ರ ಕಾಲದ್ದು ಅಂತಾರೆ, 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದಿದ್ದು, ಎಲ್ಲಾ ಸೇರಿ 16 ಸಾಲು. ಅಷ್ಟೂ ಸಾಲನ್ನ ಒಂದೊಂದೇ ಅಕ್ಷರ ದೊಡ್ಡದು ಮಾಡಿ ಪರದೆ ಮೇಲೆ ತೋರಿಸ್ತೀನಿ, ಮಕ್ಕಳೇ ಕೂಡಿಸಿ ಓದ್ಲಿ ಅಂತ ಮೇಡಂ ತಿಂಗಳಿಂದ ಫೋಟೋ ರೆಡಿ ಮಾಡ್ಕೊಂಡಿದ್ರು. ಫೋನ್‌ನಲ್ಲಿ ನನ್ನ ಹತ್ರ ಕೇಳಿದ್ದು ಮೂರೇ ಮಾತು: "ಹಾಲ್ ಕತ್ತಲೆ ಮಾಡೋಕಾಗುತ್ತಾಪ್ಪಾ? ಸ್ಟೇಜ್ ಹತ್ತೋಕೆ ಕೈ ಹಿಡ್ಕೊಳ್ಳೋಕೆ ಏನಾದ್ರೂ ಇದೆಯಾ? ಹಿಂದೆ ಕೂತೋರಿಗೆ ಕೇಳಿಸುತ್ತಾ?" ಮೂರಕ್ಕೂ "ಎಲ್ಲಾ ಇದೆ ಮೇಡಂ, ನೀವು ಬನ್ನಿ ಸಾಕು" ಅಂದೆ. ಒಂದನ್ನೂ ಹೋಗಿ ನೋಡಿರ್ಲಿಲ್ಲ. ಈಗ್ಲೂ ರಾತ್ರಿ ಮಲಗಿದಾಗ ಆ ಫೋನ್ ಮಾತೇ ಕಿವೀಲಿ ಕೂತಿರುತ್ತೆ.

ನಾವು ಮಾಡಿದ್ದೇನಪ್ಪಾ ಅಂದ್ರೆ ಶಾಮಿಯಾನದವ್ರಿಗೆ ಒಟ್ಟಿಗೆ ಮಾತಾಡಿ ಕೊಟ್ಬಿಟ್ವಿ. ಕುರ್ಚಿ, ಸ್ಟೇಜ್, ಲೈಟು, ಮೈಕ್ ಸೆಟ್ ಎಲ್ಲಾ ಸೇರಿ 18,000. ಹೂವಿನ ಅಲಂಕಾರ, ಫ್ಲೆಕ್ಸು, ಶಾಲು ಹಾರ ಬೇರೆ ಲೆಕ್ಕ. ಮೀಟಿಂಗ್‌ನಲ್ಲಿ ಫ್ಲೆಕ್ಸ್ ಮೇಲೆ ಯಾರ ಫೋಟೋ ಯಾವ ಸೈಜ್ ಅಂತ ಒಂದೂವರೆ ಗಂಟೆ ಚರ್ಚೆ ಆಯ್ತು, ಮೈಕ್ ಬಗ್ಗೆ ಒಂದು ಮಾತೂ ಬರ್ಲಿಲ್ಲ. ಮಾತು ಕೇಳೋಕೆ ಅಂತ ಜನ ಕರೆದು ಮಾತು ಕೇಳಿಸೋ ವ್ಯವಸ್ಥೆಗೇ ಕಡಿಮೆ ದುಡ್ಡು, ಕಡಿಮೆ ಗಮನ. ನಮ್ಮ ಸಂಘ ಒಂದೇ ಅಲ್ಲ, ನಾನು ನೋಡಿರೋ ಮುಕ್ಕಾಲು ಕಾರ್ಯಕ್ರಮ ಹೀಗೇ ನಡೆಯೋದು.

ಭಾನುವಾರ ಸಾಯಂಕಾಲ ನಾಲ್ಕಕ್ಕೆ ಕಾರ್ಯಕ್ರಮ. ಶಾಮಿಯಾನದವ್ರು ಬಂದಿದ್ದೇ ಮೂರು ಗಂಟೆಗೆ. ಮಂಟಪದ ಸ್ಟೇಜ್ ನಾಲ್ಕು ಅಡಿ ಎತ್ತರ ಇದೆ, ಅದ್ರ ಮೇಲೆ ಕಬ್ಬಿಣದ ಫ್ರೇಮ್ ಇಟ್ಟು ಪ್ಲೈವುಡ್ ಹಲಗೆ ಜೋಡಿಸಿ ಇನ್ನೊಂದು ಅಡಿ ಎತ್ತರ ಮಾಡಿದ್ರು, ಹಿಂದೆ ಕೂತೋರಿಗೂ ಕಾಣ್ಲಿ ಅಂತ. ಹಲಗೆಗಳನ್ನ ಒಂದಕ್ಕೊಂದು ಕಟ್ಟಿರ್ಲಿಲ್ಲ, ನಡುವೆ ನಾಲ್ಕು ಬೆರಳು ಸಂದಿ, ಮೇಲೆ ಕೆಂಪು ಕಾರ್ಪೆಟ್ ಹಾಸಿಬಿಟ್ರೆ ಏನೂ ಕಾಣಲ್ಲ. ಮೆಟ್ಟಿಲಿಗೆ ಕೈ ಹಿಡ್ಕೊಳ್ಳೋಕೆ ಕಂಬಿ ಇಲ್ಲ. ಹೂವಿನವನು ಬಾಡದೇ ಇರ್ಲಿ ಅಂತ ಪೋಡಿಯಂ ಮುಂದಿನ ಹೂವಿಗೆ ನೀರು ಚಿಮುಕಿಸ್ತಾನೇ ಇದ್ದ, ಸುತ್ತ ಕಾರ್ಪೆಟ್ ಒದ್ದೆ. ದೀಪ ಹಚ್ಚೋ ಕಾರ್ಯಕ್ರಮ ಇದ್ದಿದ್ರಿಂದ ವೇದಿಕೆ ಮೇಲಿದ್ದೋರೆಲ್ಲಾ ಚಪ್ಪಲಿ ಕೆಳಗೇ ಬಿಟ್ಟಿದ್ರು, ಮೇಡಂ ಕೂಡ. ಒದ್ದೆ ಕಾರ್ಪೆಟ್ ಮೇಲೆ ಬರಿಗಾಲು. ಆಗ ನಂಗೆ ಇದು ತಲೇಗೇ ಬರ್ಲಿಲ್ಲ.

ಹಾಲ್‌ನ ಪಶ್ಚಿಮದ ಕಡೆ ಪೂರ್ತಿ ಗಾಜಿನ ಕಿಟಕಿ, ಪರದೆ ಇಲ್ಲ. ನಾಲ್ಕೂವರೆಗೆ ಬಿಸಿಲು ನೇರ ಸ್ಕ್ರೀನ್ ಮೇಲೆ. ಕಲ್ಲಿನ ಫೋಟೋ ಮೊದಲೇ ಬೂದಿ ಬಣ್ಣ, ಆ ಬೆಳಕಲ್ಲಿ ಸ್ಕ್ರೀನ್ ಬಿಳಿ ಪಂಚೆ ಒಣಗಹಾಕಿದ ಹಾಗೆ ಕಾಣ್ತಿತ್ತು, ಒಂದಕ್ಷರ ಇಲ್ಲ. ಮೊದಲ ಸಾಲಲ್ಲಿ ಕುಳಿತ ಮಕ್ಕಳು ಕಣ್ಣು ಕಿರಿದು ಮಾಡ್ಕೊಂಡು ನೋಡ್ತಿದ್ರು. ಮೇಡಂ ಏನೂ ಅನ್ಲಿಲ್ಲ, ಬಾಯಲ್ಲೇ ಅಕ್ಷರದ ಆಕಾರ ಹೇಳಿ ಗಾಳೀಲಿ ಬೆರಳಲ್ಲಿ ಬರೆದು ತೋರಿಸೋಕೆ ಶುರು ಮಾಡಿದ್ರು. ಹಿಂದಿನ ದಿನ ಅದೇ ಹೊತ್ತಿಗೆ ನಾನು ಹತ್ತು ನಿಮಿಷ ಆ ಹಾಲ್‌ಗೆ ಹೋಗಿದ್ರೆ ಇದು ಕಣ್ಣಿಗೆ ಬಿದ್ದಿರೋದು, ನಾಲ್ಕು ಕಪ್ಪು ಬೆಡ್‌ಶೀಟ್ ಕಟ್ಟಿದ್ರೆ ಮುಗಿದುಹೋಗ್ತಿತ್ತು. ನಾನು ಹಾಲ್ ನೋಡಿದ್ದು ಬೆಳಿಗ್ಗೆ ಹನ್ನೊಂದಕ್ಕೆ, ಬಿಸಿಲು ಆ ಕಡೆ ಇರ್ಲೇ ಇಲ್ಲ.

ಆಮೇಲೆ ಸೌಂಡು. ಎಂಬತ್ತಡಿ ಉದ್ದದ ಹಾಲ್, ಗ್ರಾನೈಟ್ ನೆಲ, ಬರೀ ಗೋಡೆ, ಎತ್ತರದ ಸೂರು. ಸ್ಪೀಕರ್ ಬಾಕ್ಸ್ ಎರಡೇ, ಎರಡೂ ಸ್ಟೇಜ್ ಮೇಲೇ, ಅದೂ ಪೋಡಿಯಂಗಿಂತ ಹಿಂದೆ. ಬಾಕ್ಸ್‌ನ ಸೌಂಡ್ ನೇರ ಮೈಕ್‌ಗೇ ವಾಪಸ್ ಹೋಗುತ್ತೆ, ವಾಲ್ಯೂಮ್ ಸ್ವಲ್ಪ ಏರಿಸಿದ್ರೆ ಸಾಕು ಕುಂಯ್ ಅಂತ ಕಿರುಚುತ್ತೆ. ಅದಕ್ಕೆ ಮೈಕ್‌ನವನು ತಗ್ಗಿಸ್ತಾನೆ, ತಗ್ಗಿಸಿದ್ರೆ ಹಿಂದೆ ಕೇಳಲ್ಲ, ಹಿಂದಿನೋರು ಕೂಗ್ತಾರೆ, ಮತ್ತೆ ಏರಿಸ್ತಾನೆ, ಮತ್ತೆ ಕುಂಯ್. ಬಾಕ್ಸ್ ಯಾವತ್ತೂ ಮಾತಾಡೋರಿಗಿಂತ ಮುಂದೆ, ಜನರ ಕಡೆ ಮುಖ ಮಾಡಿ ಇರ್ಬೇಕು, ಇಷ್ಟು ನಂಗೆ ಆಗ ಗೊತ್ತಿದ್ದಿದ್ರೆ ಅಲ್ಲೇ ನಿಂತು ಸರಿಸಿಕೊಡಿ ಅಂತ ಹೇಳಬಹುದಿತ್ತು. ಉದ್ದದ ಹಾಲ್ ಆದ್ರೆ ಅರ್ಧ ದಾರೀಲಿ ಇನ್ನೆರಡು ಚಿಕ್ಕ ಬಾಕ್ಸ್ ಇಡಿಸಿ. ಆದ್ರೆ ಒಂದು, ಶಬ್ದ ಗಾಳೀಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ ಅಷ್ಟೇ, ವೈರ್‌ನಲ್ಲಿ ಮಾತ್ರ ತಕ್ಷಣ ತಲುಪುತ್ತೆ. ಹಾಗಾಗಿ ಹಿಂದಿನ ಬಾಕ್ಸ್ ಮೊದಲು ಮಾತಾಡಿ ಮುಂದಿನದ್ದು ಆಮೇಲೆ ಬಂದು ಎರಡೂ ಸೇರಿ ಕಲಸುಮೇಲೋಗರ ಆಗುತ್ತೆ. ಮುಂದಿನ ಬಾಕ್ಸ್‌ನಿಂದ ಎಷ್ಟು ದೂರ ಇದೆಯೋ ಅದಕ್ಕೆ ಮೀಟರಿಗೆ 3 ಮಿಲಿಸೆಕೆಂಡ್ ಲೆಕ್ಕದಲ್ಲಿ ಹಿಂದಿನ ಬಾಕ್ಸ್‌ಗೆ ಡಿಲೇ ಇಟ್ರೆ, ಅಂದ್ರೆ ಅದ್ರ ಸೌಂಡ್ ಅಷ್ಟು ತಡವಾಗಿ ಬರೋ ಹಾಗೆ ಮಾಡಿದ್ರೆ, ಮಾತು ಬಿಡಿಸಿ ಕೇಳುತ್ತೆ. ಡಿಲೇ ಇಡೋಕೆ ಬರುತ್ತಾ ಅಂತ ಬುಕ್ ಮಾಡೋವಾಗ್ಲೇ ಕೇಳಿ, ಬರಲ್ಲ ಅಂದ್ರೆ ಭಾಷಣಕ್ಕೆ ಅವ್ರು ಬೇಡ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಮೇಡಂ ಕೈಗೆ ಮೊದಲು ಕೊಟ್ಟಿದ್ದು ಕಾರ್ಡ್‌ಲೆಸ್ ಮೈಕ್. ಸ್ವಾಗತ, ಪ್ರಾಸ್ತಾವಿಕ, ಗಣ್ಯರ ನಾಲ್ಕು ನಾಲ್ಕು ಮಾತು ಅಂತ ಮುಕ್ಕಾಲು ಗಂಟೆ ಓಡಿದ್ದ ಸೆಲ್ಲು, ಮೇಡಂ ಸರದಿ ಬರೋ ಹೊತ್ತಿಗೆ ಖಾಲಿ. ಬೇರೆ ಸೆಲ್ ತಂದಿಲ್ಲ ಅಂದ. ಗಡಿಬಿಡೀಲಿ ವೈರ್ ಮೈಕ್ ತಂದು ಪೋಡಿಯಂ ಪಕ್ಕ ಸ್ಟ್ಯಾಂಡ್‌ಗೆ ಸಿಕ್ಕಿಸಿದ. ಅದು ಅವ್ರ ಎತ್ತರಕ್ಕೆ ಸರಿ ಇರ್ಲಿಲ್ಲ, ಹಣೆ ಹತ್ರ ಇತ್ತು. ಹತ್ತು ನಿಮಿಷ ಹಾಗೇ ಕತ್ತು ಎತ್ತಿ ಮಾತಾಡಿದ್ರು. ಹಿಂದಿನಿಂದ ಯಾರೋ "ಕೇಳ್ತಿಲ್ಲಮ್ಮಾ" ಅಂತ ಕೂಗಿದ್ರು. ಮೇಡಂ ಎಡಗೈ ಪೋಡಿಯಂನ ಸ್ಟೀಲ್ ಪೈಪ್ ಮೇಲಿತ್ತು, ಬಲಗೈಲಿ ಮೈಕ್ ಹಿಡಿದು ತಮ್ಮ ಕಡೆ ಎಳ್ಕೊಂಡ್ರು.

"ಹಾ" ಅಂತ ಒಂದು ಸಣ್ಣ ಶಬ್ದ, ಅದು ಮೈಕ್‌ನಲ್ಲೇ ಕೇಳಿಸ್ತು. ಕೈ ಕಿತ್ಕೊಂಡು ಹಿಂದಕ್ಕೆ ಸರಿದ್ರು, ಹಲಗೆ ಸಂದೀಲಿ ಹಿಮ್ಮಡಿ ಇಳೀತು, ಕಾರ್ಪೆಟ್ ಸಮೇತ. ನಾನು ಸ್ಟೇಜ್ ಕೆಳಗೆ ಬಲಗಡೆ ನಿಂತಿದ್ದೆ, ಮೇಲೆ ಹತ್ತಿ ಹೋಗೋದ್ರೊಳಗೆ ಬಿದ್ದಾಗಿತ್ತು. ಕನ್ನಡಕ ಒಂದು ಕಡೆ, ಬರ್ಕೊಂಡು ಬಂದಿದ್ದ ಚೀಟಿಗಳೆಲ್ಲಾ ಒದ್ದೆ ಕಾರ್ಪೆಟ್ ಮೇಲೆ ಅಂಟ್ಕೊಂಡಿದ್ವು. ನಾನು ಮೈಕ್ ಆಫ್ ಮಾಡೋ ಅಂತ ಕೂಗಿದ್ರೆ ಮೈಕ್‌ನವನು "ಏನಿಲ್ಲ ಸಾರ್, ಸ್ವಲ್ಪ ಜುಮ್ಮನ್ನುತ್ತೆ ಅಷ್ಟೇ, ಹದಿನೈದು ವರ್ಷದಿಂದ ಹಾಕ್ತಿದೀನಿ" ಅಂದ. ಅಂದ್ರೆ ಅವನಿಗೆ ಮೊದಲೇ ಗೊತ್ತಿತ್ತು. ಅದು ಜುಮ್ಮನ್ನುತ್ತೆ ಅಂತ ಗೊತ್ತಿದ್ದೂ ಮೇಡಂ ಮುಂದೆ ಇಟ್ಟಿದ್ದ. ಈ ಮಾತು ನಂಗೆ ಇವತ್ತಿಗೂ ಅರಗಿಲ್ಲ.

ಮಾರನೇ ದಿನ ನಮ್ಮ ಪರಿಚಯದ ಎಲೆಕ್ಟ್ರಿಷಿಯನ್ ಅಣ್ಣನ್ನ ಕರ್ಕೊಂಡು ಹೋದೆ. ಸೆಟ್ ಇನ್ನೂ ಬಿಚ್ಚಿರ್ಲಿಲ್ಲ. ಆಂಪ್ಲಿಫೈಯರ್ ವೈರ್‌ಗೆ ಪ್ಲಗ್ಗೇ ಇಲ್ಲ. ಎರಡು ವೈರ್ ತುದಿ ಸುಲಿದು ಸಾಕೆಟ್ ತೂತಿಗೆ ತುರುಕಿ, ಬಿದ್ದುಹೋಗ್ಬಾರ್ದು ಅಂತ ಬೆಂಕಿಕಡ್ಡಿ ಸಿಕ್ಕಿಸಿದ್ರು. ಮೂರನೇ ಹಸಿರು ವೈರ್, ಅರ್ಥಿಂಗ್‌ದು, ಸುತ್ತಿ ಹಿಂದಕ್ಕೆ ಮಡಚಿ ಟೇಪ್ ಹಾಕಿತ್ತು. ಅಣ್ಣ ಆನ್ ಮಾಡಿಸಿ ಟೆಸ್ಟರ್‌ನ ಮೈಕ್‌ನ ಜಾಲರಿಗೆ ಮುಟ್ಟಿಸಿದ್ರು, ಕೆಂಪಗೆ ಉರೀತು. ಅವ್ರು ಹೇಳಿದ್ದು ಇಷ್ಟು: ಹಳೇ ಆಂಪ್ಲಿಫೈಯರ್ ಒಳಗೆ ಕರೆಂಟ್ ಲೀಕ್ ಆಗಿ ಅದ್ರ ಬಾಡಿಗೆ ಬರ್ತಿದೆ. ಅರ್ಥಿಂಗ್ ಇದ್ದಿದ್ರೆ ಅದು ನೆಲಕ್ಕೆ ಹೋಗ್ತಿತ್ತು. ಇಲ್ಲದೇ ಇರೋದ್ರಿಂದ ಮೈಕ್ ಕೇಬಲ್ ಒಳಗಿನ ಜಾಲರಿ ತಂತಿ ಹಿಡ್ಕೊಂಡು ಮೈಕ್‌ನ ಲೋಹದ ತಲೆವರೆಗೂ ಬಂದು ಕಾಯ್ತಾ ಕೂತಿರುತ್ತೆ. ಪೋಡಿಯಂಗೆ ಒಂದು ಪುಟ್ಟ ಲೈಟ್ ಇತ್ತು, ಅದ್ರ ಪ್ಲಗ್ ಮಾತ್ರ ಸರಿಯಾದ ಮೂರು ಪಿನ್ನಿಂದು, ಸ್ಟೀಲ್ ಪೈಪ್ ಅರ್ಥ್‌ಗೆ ಸೇರಿತ್ತು. ಒಂದು ಕೈ ಅರ್ಥ್ ಮೇಲೆ, ಇನ್ನೊಂದು ಕೈ ಕರೆಂಟ್ ಮೇಲೆ. ಒಂದು ಕೈಯಿಂದ ಇನ್ನೊಂದು ಕೈಗೆ ಹೋದ್ರೆ ದಾರಿ ಎದೆ ಮೇಲೇ ಅಲ್ವಾ, ಅದೇ ಅಪಾಯ ಜಾಸ್ತಿ ಅಂದ್ರು. ಕೇಳ್ತಾ ನಂಗೆ ಕೈಕಾಲು ತಣ್ಣಗಾಯ್ತು.

ಆಮೇಲೆ ಮೇನ್ ಬೋರ್ಡ್ ತೆಗೆದು ನೋಡಿದ್ರು. ಲೀಕ್ ಆದ್ರೆ ತಾನೇ ಟ್ರಿಪ್ ಆಗೋ ಆರ್‌ಸಿಸಿಬಿ ಇಲ್ವೇ ಇಲ್ಲ. 30 ಮಿಲಿಆಂಪ್‌ದು ಇದ್ದಿದ್ರೆ ಒಂದು ಸೆಕೆಂಡಿನ ಸಣ್ಣ ಪಾಲಿನಲ್ಲಿ ಕಟ್ ಆಗಿರೋದು. ಹಿತ್ತಿಲಲ್ಲಿ ಅರ್ಥಿಂಗ್ ಗುಂಡಿ ಇತ್ತು, ಇದ್ದಿಲು ಉಪ್ಪು ಹಾಕಿ ಮಾಡೋದು, ಅದಕ್ಕೆ ಆಗಾಗ ನೀರು ಹಾಕ್ಬೇಕಂತೆ. ಮುಚ್ಚಳ ತೆಗೆದ್ರೆ ಬಿರುಕು ಬಿಟ್ಟ ಒಣ ಮಣ್ಣು.

ಅಲ್ಲಿಂದ ಈಚೆಗೆ ನಾನು ಎಲ್ಲಿ ಹೋದ್ರೂ ಒಂದು ಲೈನ್ ಟೆಸ್ಟರ್ ಜೇಬಲ್ಲಿ ಇಟ್ಕೊಂಡಿರ್ತೀನಿ, ಮೈಕ್ ಆನ್ ಆದ್ಮೇಲೆ ಯಾರೂ ಮುಟ್ಟೋಕೆ ಮುಂಚೆ ಜಾಲರಿಗೆ ಮುಟ್ಟಿಸಿ ನೋಡ್ತೀನಿ. ಉರಿದ್ರೆ ಆ ಮೈಕ್ ಯಾರ ಕೈಗೂ ಹೋಗಲ್ಲ. ಉರೀದೇ ಇದ್ರೂ ಪೂರ್ತಿ ನಂಬಲ್ಲ, ಪ್ಲಗ್ ಪಾಯಿಂಟ್‌ವರೆಗೂ ಹೋಗಿ ಮೂರು ಪಿನ್ ಇದೆಯಾ, ಬೆಂಕಿಕಡ್ಡಿ ಇದೆಯಾ ಅಂತ ಕಣ್ಣಲ್ಲಿ ನೋಡ್ತೀನಿ. ಅರ್ಥಿಂಗ್ ಚೆಕ್ ಮಾಡೋದು ಮಾತ್ರ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ, ನೀವು ವೈರ್‌ಗೆ ಕೈ ಹಾಕ್ಬೇಡಿ. ಸಂಘದಿಂದ ಆರ್‌ಸಿಸಿಬಿ ಹಾಕಿಸಿದ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಮಾಡಿಸಿದೀವಿ, ಸ್ಟೇಜ್ ಮೇಲಿನ ಮೈಕ್, ಲೈಟು, ಪ್ರೊಜೆಕ್ಟರ್ ಎಲ್ಲದಕ್ಕೂ ಕರೆಂಟ್ ಅದ್ರಿಂದಾನೇ. ಜನರೇಟರ್ ಇದ್ರೂ ಅದೇ ಬೋರ್ಡ್, ಜೊತೆಗೆ ಜನರೇಟರ್‌ಗೆ ಅರ್ಥಿಂಗ್ ಕೊಟ್ಟಿದಾರಾ ಅಂತ ಅಣ್ಣನ್ನೇ ಕೇಳ್ತೀವಿ.

ಸ್ಟೇಜ್ ಬಗ್ಗೆ ಹೇಳೋದಾದ್ರೆ, ಕಾರ್ಪೆಟ್ ಹಾಸೋಕೆ ಮುಂಚೆ ಹೋಗಿ. ಹಾಸಿದ್ಮೇಲೆ ಯಾವ ಮೋಸಾನೂ ಕಾಣಲ್ಲ. ಹಲಗೆ ಮೇಲೆ ಇಬ್ರು ಒಟ್ಟಿಗೆ ಓಡಾಡಿ, ಅಲ್ಲಾಡಿದ್ರೆ ಬೇಡ ತೆಗೀರಿ ಅನ್ನಿ. ವಯಸ್ಸಾದೋರು ಮಾತಾಡೋದಾದ್ರೆ ಸ್ಟೇಜೇ ಬೇಡ, ಕೆಳಗೆ ನೆಲದ ಮೇಲೆ ಒಂದು ಕುರ್ಚಿ, ಒಂದು ಟೇಬಲ್ಲು, ಎತ್ತರಕ್ಕೆ ಹೊಂದಿಸಿದ ಮೈಕ್ ಸಾಕು. ಎತ್ತರ ಹೊಂದಿಸೋದು ಅವ್ರು ಬಂದು ನಿಂತ್ಮೇಲೆ, ಅದೂ ನಮ್ಮ ಕೆಲ್ಸ, ಅವ್ರ ಕೆಲ್ಸ ಅಲ್ಲ. ಹೂವಿನವ್ರಿಗೆ ಸ್ಟೇಜ್ ಮೇಲೆ ನೀರು ಚಿಮುಕಿಸ್ಬೇಡಿ ಅಂತ ಮೊದಲೇ ಹೇಳಿ. ದೀಪ ಹಚ್ಚಿದ ಕೂಡ್ಲೇ ಚಪ್ಪಲಿ ತಂದುಕೊಡೋಕೆ ಒಬ್ಬ ಹುಡುಗನ್ನ ಇಡಿ, ಯಾರೂ ತಪ್ಪು ತಿಳ್ಕೊಳ್ಳಲ್ಲ.

ಮೇಡಂಗೆ ಆರು ವಾರ ಪ್ಲಾಸ್ಟರ್ ಇತ್ತು. ಆಸ್ಪತ್ರೆ ಖರ್ಚು ಸಂಘದಿಂದ ಕೊಟ್ವಿ, ಶಾಮಿಯಾನದವನು ಬಾಕಿ 8,000 ಕೇಳೋಕೆ ಫೋನ್ ಮಾಡ್ದ, ಕೊಟ್ಟಿಲ್ಲ. ನೋಡೋಕೆ ಹೋದಾಗ ಮೇಡಂ ಮನೆಯೋರು ನನ್ನ ಮುಖ ನೋಡ್ಲಿಲ್ಲ, ತಪ್ಪೇನಿಲ್ಲ. ಮೇಡಂ ಮಾತ್ರ ಕಾಫಿ ಕೊಡಿಸಿ, "ಆ ಮಕ್ಕಳಿಗೆ 16 ಸಾಲೂ ತೋರಿಸ್ಲಿಲ್ವಲ್ಲಪ್ಪಾ, ನಾಲ್ಕನೇ ಸಾಲಿಗೇ ನಿಂತೋಯ್ತು" ಅಂದ್ರು. ಫೆಬ್ರವರೀಲಿ ಶಾಲೆಯ ಒಂದು ಕ್ಲಾಸ್‌ರೂಮ್‌ನಲ್ಲಿ ಕಿಟಕಿಗೆ ಕಂಬಳಿ ಕಟ್ಟಿ, ಐವತ್ತು ಮಕ್ಕಳನ್ನ ಕೂರಿಸಿ, ಮೈಕೇ ಇಲ್ಲದೆ ಪೂರ್ತಿ ಮಾಡಿಸಿದ್ವಿ.

ಆ ಮಂಟಪದ ಕಮಿಟಿಗೆ ಎರಡು ಸಲ ಪತ್ರ ಕೊಟ್ಟಿದೀವಿ, ಅಣ್ಣನ ಕೈಲಿ ಅಂದಾಜು ಖರ್ಚೂ ಬರೆಸಿ ಕೊಟ್ಟಿದೀವಿ. ಮುಂದಿನ ಮೀಟಿಂಗ್‌ನಲ್ಲಿ ನೋಡೋಣ ಅಂತಾರೆ. ಅಲ್ಲಿ ಮದುವೆ ಸೀಸನ್ ಶುರುವಾಗಿದೆ, ಪ್ರತಿ ವಾರ ಆರ್ಕೆಸ್ಟ್ರಾ, ಚಿಕ್ಕ ಮಕ್ಕಳು ಅದೇ ಸ್ಟೇಜ್ ಮೇಲೆ ಮೈಕ್ ಹಿಡ್ಕೊಂಡು ಹಾಡ್ತಾರೆ. ನಿಮ್ಮೂರಿನ ಮಂಟಪದಲ್ಲಿ ಹತ್ತಿರದಲ್ಲೇ ಏನಾದ್ರೂ ಕಾರ್ಯಕ್ರಮ ಇದ್ರೆ ಇವತ್ತೇ ಹೋಗಿ ಆ ಮೇನ್ ಬೋರ್ಡ್ ತೆಗೆಸಿ ನೋಡಿ.